ತಾರಸಿಯ ಮೇಲಿನ ಸಮುದ್ರಮಟ್ಟ

ಮನೆ, ಊಟದ ಮೇಜು
ಏಪ್ರಿಲ್ ಹನ್ನೊಂದು, ಶನಿವಾರ ಮಧ್ಯಾಹ್ನ

ಪ್ರೀತಿಯ ‘ಇವರಿಗೆ’,

“ಆಕಾಶಕ್ಕೆ ಭಾರವಿಲ್ಲ, ಅದಕ್ಕೇ ಹಕ್ಕಿಗೆ ಭಯವಿಲ್ಲ” ಎಂಬ ಸಾಲೊಂದು ಬೆಳಗಿನಿಂದ ತಲೆಯಲ್ಲಿ ಸುತ್ತುತ್ತಿದೆ. ಎಲ್ಲಿ ಓದಿದ್ದೆನೋ ನೆನಪಿಲ್ಲ. ಕಾಲೇಜಿನ ದಿನಗಳಲ್ಲಿ ಯಾರೋ ಗೋಡೆಪತ್ರಿಕೆಗೆ ಬರೆದದ್ದಿರಬಹುದು. ಎರಡನೆಯ ಭಾಗದಲ್ಲಿ ಇದ್ದದ್ದು ಹಕ್ಕಿಯೋ ಹಾಯಿದೋಣಿಯೋ ಎಂಬುದೂ ಖಚಿತವಿಲ್ಲ. ಬರೆದವರು ಯಾರೇ ಆಗಿರಲಿ, ಕಿವಿಗೆ ಇಂಪಾಗಲೆಂದು ಬರೆದುಬಿಟ್ಟಿದ್ದಾರೆ, ತೂಗಿ ನೋಡಿಲ್ಲ. ಆಕಾಶಕ್ಕೆ ಭಾರವಿದೆ. ಈ ಪತ್ರ ಹಿಡಿದಿರುವ ನಿಮ್ಮ ಹೆಬ್ಬೆರಳಿನ ಉಗುರಿನ ಮೇಲೆ ಹತ್ತಿರಹತ್ತಿರ ಒಂದು ಕಿಲೋ ಗಾಳಿ ಕೂತಿದೆ. ಬರೆಯುತ್ತಿರುವ ನನ್ನ ಉಗುರಿನ ಮೇಲೆ ಅದಕ್ಕಿಂತ ಸ್ವಲ್ಪ ಕಡಿಮೆ, ಏಕೆಂದರೆ ನೀವು ನೀರಿನ ಮೇಲಿದ್ದೀರಿ, ನಾನು ಬೆಟ್ಟದ ಮೇಲೆ. ಆ ‘ಸ್ವಲ್ಪ ಕಡಿಮೆ’ಯೇ ಈ ಸಲದ ಸಮಾಚಾರ. ಆದರೆ ಅದನ್ನೇ ಮೊದಲು ಹೇಳಿದರೆ ನೀವು ಮಿಕ್ಕದ್ದನ್ನು ಮಡಿಚಿ ಜೇಬಿಗಿಟ್ಟು ಎಂಜಿನ್ ಕೋಣೆಗೆ ಇಳಿದುಬಿಡುವವರು. ಆದ್ದರಿಂದ ನಿಧಾನವಾಗಿ ಬರುತ್ತೇನೆ, ಕೂತುಕೊಂಡು ಓದಿ.

ಮೈ ಹೇಗಿದೆ? ಎಡಗಿವಿಯ ಗುಂಯ್ ಸದ್ದು ಕಡಿಮೆಯಾಯಿತೇ? ಎಂಜಿನ್ ಪಕ್ಕ ನಿಲ್ಲುವಾಗ ಕಿವಿಗೆ ಮುಚ್ಚಳ ಹಾಕಿಕೊಳ್ಳುತ್ತೇನೆ ಎಂದು ಮಾತು ಕೊಟ್ಟು ಹೋಗಿದ್ದೀರಿ. ಮಾತು ಕೊಟ್ಟದ್ದು ನೆನಪಿದೆಯೋ, ಮುಚ್ಚಳ ಎಲ್ಲಿಟ್ಟಿದ್ದೀರಿ ಎಂಬುದು ನೆನಪಿದೆಯೋ, ಎರಡರಲ್ಲಿ ಒಂದಂತೂ ಇರುವುದಿಲ್ಲ ಎಂದು ನನಗೆ ಗೊತ್ತು. ಕನ್ನಡಕದ ಹಿಡಿ ಮುರಿದದ್ದಕ್ಕೆ ತಂತಿ ಸುತ್ತಿಕೊಂಡಿದ್ದೇನೆ ಎಂದು ಹೆಮ್ಮೆಯಿಂದ ಬರೆದಿದ್ದಿರಿ. ಹಡಗನ್ನೇ ರಿಪೇರಿ ಮಾಡುವವರಿಗೆ ಕನ್ನಡಕ ಯಾವ ಲೆಕ್ಕ, ಸರಿ, ಆದರೆ ಇಳಿದಕೂಡಲೇ ಹೊಸದು ಕೊಳ್ಳಿ. ನನ್ನ ಮಂಡಿ ತಾರಸಿಯ ಮೆಟ್ಟಿಲು ಹತ್ತುವಾಗ ಮಾತಾಡುತ್ತದೆ, ಇಳಿಯುವಾಗ ಸುಮ್ಮನಿರುತ್ತದೆ. ಬೇರೆ ಏನೂ ಇಲ್ಲ. ಮನೆ ಚೆನ್ನಾಗಿದೆ. ಅಡುಗೆಮನೆಯ ನಲ್ಲಿಯ ತೊಟ್ಟಿಕ್ಕುವಿಕೆಯನ್ನು ನಾನೇ ನಿಲ್ಲಿಸಿದೆ. ನೀವು ಬಂದ ಮೇಲೆ ಅದನ್ನು ಬಿಚ್ಚಿ, ತಲೆ ಅಲ್ಲಾಡಿಸಿ, ಮತ್ತೆ ಹಾಗೆಯೇ ಹಾಕಬಹುದು.

ಈಗ ವಿಷಯ. ಮುಂದಿನ ಬಂದರಿನಲ್ಲಿ ಕಂಪನಿಗೆ ನೀವು ಉತ್ತರ ಹೇಳಬೇಕು: ನಮ್ಮ ಕರಾವಳಿಯ ಬಂದರಿನ ದುರಸ್ತಿ ಕಾರ್ಯಾಗಾರದಲ್ಲಿ ಅವರು ಕೊಡುತ್ತೇವೆನ್ನುವ ಕೆಲಸಕ್ಕೆ ಹೂಂ ಅನ್ನುವುದೋ, ಇನ್ನೊಂದು ವರ್ಷ ಹಡಗಿಗೇ ಸಹಿ ಹಾಕುವುದೋ ಎಂದು. ಈ ಪತ್ರ ಅಷ್ಟರೊಳಗೆ ಅಲ್ಲಿನ ಕಂಪನಿ ಏಜೆಂಟರ ಕೈ ಸೇರಬೇಕು. ನಮ್ಮಿಬ್ಬರ ಒಪ್ಪಂದ ನೆನಪಿದೆ ತಾನೇ? ಜೂನ್‌ನಲ್ಲಿ ನಾನು ಪಿಎಚ್.ಡಿ. ಪ್ರಬಂಧ ಒಪ್ಪಿಸಿ, ಈ ಮನೆ ಖಾಲಿ ಮಾಡಿ, ಬಂದರಿಗೆ ಇಳಿದುಬರುವುದು. ನೀವು ಹಡಗು ಬಿಟ್ಟು ನೆಲ ಹತ್ತುವುದು. “ನೀನು ಬರದಿದ್ರೆ ನೆಲದ ಮೇಲೆ ಒಬ್ಬನೇ ಕೂತು ಏನ್ ಮಾಡ್ಲಿ, ಅದಕ್ಕಿಂತ ನೀರೇ ವಾಸಿ” ಎಂದು ಹೊರಡುವ ದಿನ ಬಾಗಿಲಲ್ಲಿ ನಿಂತು ಹೇಳಿದ್ದಿರಿ. ಅದನ್ನು ತಮಾಷೆ ಎಂದು ನಾನು ತೆಗೆದುಕೊಂಡಿಲ್ಲ. ಆದ್ದರಿಂದ ಸುತ್ತಿಬಳಸದೆ ಹೇಳುತ್ತೇನೆ: ಜೂನ್‌ನಲ್ಲಿ ಮುಗಿಯುವುದಿಲ್ಲ. ಇನ್ನೊಂದು ವರ್ಷ ಬೇಕು. ಯಾಕೆ ಎಂದು ಫೋನಿನಲ್ಲಿ ಹೇಳಲು ನೋಡಿದೆ. ನಮ್ಮ ಮಾತು ಒಬ್ಬರಿಂದೊಬ್ಬರಿಗೆ ತಲುಪುವಷ್ಟರಲ್ಲಿ ಇಬ್ಬರೂ “ನೀವು ಹೇಳಿ”, “ನೀನೇ ಹೇಳು” ಎಂದು ಮರ್ಯಾದೆ ಮಾಡುತ್ತಲೇ ಸಂಪರ್ಕ ಕಡಿದುಹೋಯಿತು. ಅದಕ್ಕೇ ಕಾಗದ.

ನಿಮ್ಮ ಹಡಗಿನ ಅಡುಗೆಯವನಿಗೆ ಮ್ಯುಯಾನ್ ಅಂದರೇನು ಎಂದು ವಿವರಿಸಲು ಹೋಗಿ ನಗೆಪಾಟಲಾದೆ ಎಂದು ಬರೆದಿದ್ದಿರಲ್ಲ, ಮೊದಲು ಅವನಿಗೆ ಹೀಗೆ ಹೇಳಿ. ನಕ್ಷತ್ರಗಳ ನಡುವಿನಿಂದ ಅತಿವೇಗದ ಕಣಗಳು ಹಗಲಿರುಳೂ ಬಂದು ನಮ್ಮ ಗಾಳಿಯ ಮೇಲ್ಪದರಕ್ಕೆ ಬಡಿಯುತ್ತವೆ. ಆ ಹೊಡೆತಕ್ಕೆ ಸಿಡಿದ ಚೂರುಗಳಿಂದ ಹುಟ್ಟುವ ಕೂಸುಗಳೇ ಮ್ಯುಯಾನ್‌ಗಳು. ಅಂಗೈ ಚಾಚಿದರೆ ಕ್ಷಣಕ್ಕೊಂದರಂತೆ ಅದನ್ನು ತೂರಿಕೊಂಡು ಹೋಗುತ್ತಿರುತ್ತವೆ, ನೋವಿಲ್ಲ, ಸದ್ದಿಲ್ಲ. ಅವುಗಳ ಆಯುಸ್ಸು ಒಮ್ಮೆ ರೆಪ್ಪೆ ಬಡಿಯುವುದರ ಲಕ್ಷದಲ್ಲೊಂದು ಪಾಲು. ಅಷ್ಟರಲ್ಲೇ ಅವು ನೆಲ ಮುಟ್ಟುವುದೊಂದು ಸೋಜಿಗ. ಆ ವೇಗದಲ್ಲಿ ಅವುಗಳ ಕಾಲವೇ ನಿಧಾನವಾಗುತ್ತದೆ, ಅದನ್ನು ಅಡುಗೆಯವನಿಗೆ ಹೇಳಬೇಡಿ, ಮತ್ತೆ ನಗುತ್ತಾನೆ. ನಮ್ಮ ಮನೆಯ ತಾರಸಿಯ ಕೋಣೆಯಲ್ಲಿರುವ ಪೆಟ್ಟಿಗೆಯೊಳಗೆ ಎರಡು ಪ್ಲಾಸ್ಟಿಕ್ ಹಲಗೆಗಳಿವೆ, ಒಂದರ ಮೇಲೊಂದು, ಕಪ್ಪು ಬಟ್ಟೆ ಸುತ್ತಿಕೊಂಡು. ಕಣವೊಂದು ಎರಡನ್ನೂ ದಾಟಿದರೆ ಎರಡೂ ಒಟ್ಟಿಗೆ ಮಿಣಕ್ಕೆನ್ನುತ್ತವೆ, ಎಣಿಕೆ ಒಂದು ಏರುತ್ತದೆ. ಇಷ್ಟೇ ಯಂತ್ರ. ತೊಂದರೆ ಇರುವುದು ಗಾಳಿಯಲ್ಲಿ. ತಲೆಯ ಮೇಲೆ ಗಾಳಿ ಭಾರವಾಗಿದ್ದ ದಿನ ಹೆಚ್ಚು ಕಣಗಳು ದಾರಿಯಲ್ಲೇ ಸೊರಗುತ್ತವೆ, ಎಣಿಕೆ ಇಳಿಯುತ್ತದೆ. ಹಗುರಾದ ದಿನ ಏರುತ್ತದೆ. ಆದ್ದರಿಂದ ಆಕಾಶದಾಚೆಯ ಸುದ್ದಿ ಹೇಳುವ ಮುಂಚೆ ಗಾಳಿಯ ಪಾಲನ್ನು ಕಳೆಯಬೇಕು, ತರಕಾರಿಯವನು ಬುಟ್ಟಿಯ ತೂಕ ಕಳೆದು ತರಕಾರಿಯ ತೂಕ ಹೇಳುವ ಹಾಗೆ. ಒತ್ತಡಮಾಪಕದ ಅಂಕಿ ಇದ್ದರೆ ಅದು ಕಷ್ಟವೇನಲ್ಲ. ಆ ಕಳೆಯುವ ಕೆಲಸ ನನ್ನದಾಗಿತ್ತು.

ಕಳೆದ ಮೇಲೆ ಏನು ಉಳಿಯಿತು ಎಂಬುದು ನಿಮಗೆ ಗೊತ್ತು, ಏಕೆಂದರೆ ನೀವು ಅದನ್ನು ಇಡೀ ಹಡಗಿಗೆ ಸಾರಿದ್ದೀರಿ, ಅಡುಗೆಯವನು ಕೇಕ್ ಸಹ ಮಾಡಿದ್ದಾನೆ. ಒಂದು ಅಲೆ. ದಿನಕ್ಕೊಂದು ಸಲ, ಬೆಳಗಿನ ಜಾವ ಉಬ್ಬುವ, ಮಧ್ಯಾಹ್ನ ತಗ್ಗುವ ಅಲೆ. ಸೂರ್ಯ ಮತ್ತು ಭೂಮಿಯ ತಿರುಗುವಿಕೆಯಿಂದ ಸಣ್ಣದೊಂದು ಅಲೆ ಇರುವುದು ಲೋಕಕ್ಕೆ ತಿಳಿದದ್ದೇ, ಆದರೆ ನಮ್ಮದು ಅದರ ಎಷ್ಟೋ ಪಟ್ಟು ದೊಡ್ಡದು, ಸಮಯವೂ ಬೇರೆ. ನನ್ನ ಗೈಡ್, ನಮ್ಮ ಮೇಡಂ, ಅದನ್ನು ಪರದೆಯ ಮೇಲೆ ನೋಡಿದ ದಿನ ಕುರ್ಚಿಯಿಂದ ಎದ್ದು, ಕೋಣೆಗೆ ಎರಡು ಸುತ್ತು ಹಾಕಿ, ಮತ್ತೆ ಕೂತರು. ಅವರು ನನಗಿಂತ ಹತ್ತು ವರ್ಷ ಚಿಕ್ಕವರು. ಪ್ರಯೋಗಶಾಲೆಯಲ್ಲಿ ನಾನು ಅವರನ್ನು ಮೇಡಂ ಎನ್ನುತ್ತೇನೆ, ಕ್ಯಾಂಟೀನಿನಲ್ಲಿ ಅವರು ನನ್ನನ್ನು ಅಕ್ಕ ಎನ್ನುತ್ತಾರೆ. ನಡುವಿನ ಕಾರಿಡಾರಿನಲ್ಲಿ ಇಬ್ಬರೂ ಏನೂ ಅನ್ನುವುದಿಲ್ಲ. ಮೇ ತಿಂಗಳ ದೊಡ್ಡ ಸಮ್ಮೇಳನದಲ್ಲಿ ಆ ಅಲೆಯ ಬಗ್ಗೆ ಮಾತಾಡಲು ಅವರಿಗೆ ಅರ್ಧ ಗಂಟೆ ಸಿಕ್ಕಿತು. ನನ್ನ ಪ್ರಬಂಧಕ್ಕೆ ಅದೇ ಬೆನ್ನೆಲುಬು.

ಮೊದಲ ಅನುಮಾನ ಹುಟ್ಟಿದ್ದು ಹೋದ ತಿಂಗಳು. ಒಂದು ವಾರ ಪೂರ್ತಿ ಮೋಡ ಕವಿದಿತ್ತು. ಮಳೆಯೂ ಇಲ್ಲ, ಬಿಸಿಲೂ ಇಲ್ಲ. ಒಗೆದ ಬಟ್ಟೆ ಮೂರು ದಿನ ತಾರಸಿಯ ತಂತಿಯ ಮೇಲೇ ಇತ್ತು. ಎದುರುಮನೆಯ ರಿಟೈರ್ಡ್ ಕಂಡಕ್ಟರಿಗೂ ನನಗೂ ತಂತಿಯ ವಿಷಯದಲ್ಲಿ ಸಣ್ಣ ಜಟಾಪಟಿ ಆಯಿತು. ಅವರಿಗೆ ನನ್ನ ಪೆಟ್ಟಿಗೆಯ ಮೇಲೆ ಮೊದಲಿನಿಂದಲೂ ಕಣ್ಣು. “ಇದು ಬಂದ್ಮೇಲೆ ನನ್ನ ಫೋನಲ್ಲಿ ಒಂದೇ ಕಡ್ಡಿ ಬರೋದಮ್ಮ” ಎಂದರು. ಇದು ಏನನ್ನೂ ಕಳಿಸುವುದಿಲ್ಲ, ಮೇಲಿನಿಂದ ಬಂದುಹೋಗುವುದನ್ನು ಎಣಿಸುತ್ತದೆ ಅಷ್ಟೆ ಎಂದೆ. “ಓ, ಟಿಕೆಟ್ ಹರೀದೆ ತಲೆ ಮಾತ್ರ ಎಣಿಸೋ ಕಂಡಕ್ಟರ್ ಅನ್ನಿ. ಅಂಥೋರನ್ನ ನಮ್ಮ ಡಿಪೋದಲ್ಲಿ ಸಸ್ಪೆಂಡ್ ಮಾಡ್ತಿದ್ರು” ಎಂದು ತಮ್ಮ ಒದ್ದೆ ಪಂಚೆಯನ್ನು ನನ್ನ ಸೀರೆಯ ಪಕ್ಕದಿಂದ ಇನ್ನಷ್ಟು ಸರಿಸಿ ಹಾಕಿದರು. ನಾನು ನಗುತ್ತಾ ಕೆಳಗಿಳಿದು ಆ ವಾರದ ಎಣಿಕೆ ತೆರೆದು ನೋಡಿದರೆ ಅಲೆ ಇರಲಿಲ್ಲ. ಮೋಡವಿದ್ದಷ್ಟು ದಿನ ಗೆರೆ ಸಪಾಟು. ಬಿಸಿಲು ಬಂದ ದಿನ ಅಲೆ ಮತ್ತೆ ಹಾಜರು. ಮೇಡಂಗೆ ತೋರಿಸಿದೆ, ಯಂತ್ರಕ್ಕೆ ತೇವ ಹಿಡಿದಿರಬೇಕು ಎಂದರು. ನಾನೂ ಹೌದೆಂದೆ. ಆದರೆ ಮನಸ್ಸು ಒಪ್ಪಲಿಲ್ಲ. ನಕ್ಷತ್ರಲೋಕದಿಂದ ಬರುವುದಕ್ಕೆ ನಮ್ಮೂರಿನ ಮೋಡ ಕಂಡರೆ ನಾಚಿಕೆ ಯಾಕೆ?

ಆಮೇಲೆ ನಡೆದದ್ದನ್ನು ನಿಮ್ಮೊಬ್ಬರಿಗೆ ಮಾತ್ರ ಸರಿಯಾಗಿ ಹೇಳಬಲ್ಲೆ, ಏಕೆಂದರೆ ಬೇರೆ ಯಾರ ಹೆಂಡತಿಯೂ ಈ ತಪ್ಪು ಮಾಡುತ್ತಿರಲಿಲ್ಲ. ಇಷ್ಟು ದಿನ ಒತ್ತಡದ ಅಂಕಿಗಳನ್ನು ನಾನು ಹವಾಮಾನ ಕಚೇರಿಯ ತಾಣದಿಂದ ಇಳಿಸಿಕೊಳ್ಳುತ್ತಿದ್ದೆ. ಹೋದ ವಾರ ಆ ತಾಣ ಒಂದು ದಿನ ಕೆಟ್ಟು ನಿಂತಿತು. ಇನ್ನು ಇದನ್ನು ನಂಬಿ ಕೂರುವುದು ಬೇಡ ಎಂದು ಮೇಡಂ ನಮ್ಮದೇ ಒಂದು ಮಾಪಕ ತರಿಸಿದರು. ಬೆಂಕಿಪೊಟ್ಟಣದಷ್ಟಿದೆ. ಸೋಮವಾರ ಬೆಳಿಗ್ಗೆ ಅದನ್ನು ತಾರಸಿಯ ಕೋಣೆಯ ಗೋಡೆಗೆ ನಾನೇ ಸ್ಕ್ರೂ ಹಾಕಿ ಕೂರಿಸಿ, ತಂತಿ ಕೊಟ್ಟೆ. ಅಂಕಿ ಮೂಡಿತು: ಒಂಬೈನೂರ ಮೂರು.

ನಾನು ಹೆದರಿಬಿಟ್ಟೆ. ನಗಬೇಡಿ. ಮದುವೆಯಾದಾಗಿನಿಂದ ನನ್ನ ಬೆಳಗು ಶುರುವಾಗುವುದು ನಿಮ್ಮ ಕಡಲಿನ ಹವಾನಕ್ಷೆಯಿಂದ. ಮೊದಲು ಪತ್ರಿಕೆಯಲ್ಲಿ, ಆಮೇಲೆ ಫೋನಿನಲ್ಲಿ. ಹಡಗು ಇರುವ ಜಾಗದ ಸುತ್ತ ಬರೆದ ವರ್ತುಲಗಳ ಮೇಲಿನ ಒತ್ತಡದ ಅಂಕಿ ಸಾವಿರದ ಹತ್ತು, ಸಾವಿರದ ಹನ್ನೆರಡು ಇದ್ದರೆ ನನ್ನ ಕಾಫಿಗೆ ರುಚಿ. ಸಾವಿರದ ಕೆಳಗೆ ಇಳಿದರೆ ಅಂದು ತಿಂಡಿ ತಟ್ಟೆಯಲ್ಲೇ ಉಳಿಯುತ್ತದೆ. ಒಂಬೈನೂರ ಎಪ್ಪತ್ತು ನೋಡಿದ ದಿನ ನಾನು ಫೋನನ್ನು ಕೈಯಿಂದ ಕೆಳಗಿಟ್ಟಿಲ್ಲ. ಒಂಬೈನೂರ ಮೂರು ಎಂದರೆ ಹಡಗಿನವರ ಭಾಷೆಯಲ್ಲಿ ಏನೆಂದು ನಾನು ಹೇಳಬೇಕೇ? ಭೀಕರ ಚಂಡಮಾರುತದ ನಡುಮಧ್ಯ. ನಾನು ಬಾಗಿಲಿಗೆ ಬಂದು ಹೊರಗೆ ನೋಡಿದೆ. ತಾರಸಿಯ ಮೇಲೆ ಎಳೆಬಿಸಿಲು. ಕಂಡಕ್ಟರರ ಪಂಚೆ ಒಂದಿಷ್ಟೂ ಅಲ್ಲಾಡದೆ ತೂಗುತ್ತಿತ್ತು. ನೀರಿನ ತೊಟ್ಟಿಯ ಮೇಲೆ ಒಂದು ಪಾರಿವಾಳ ಕತ್ತು ಒಳಗೆಳೆದುಕೊಂಡು ಕೂತಿತ್ತು. ಮಾಪಕ ಕೆಟ್ಟಿದೆ ಎಂದುಕೊಂಡು ಒಳಗೆ ಹೋಗಿ ಅದನ್ನು ತಟ್ಟಿದೆ. ಮತ್ತೆ ಒಂಬೈನೂರ ಮೂರು. ಹಾಗೆ ನಿಂತಿದ್ದಾಗ ಅರ್ಥವಾಯಿತು. ಮಾಪಕ ಸರಿಯಾಗಿತ್ತು. ನಾವು ಎತ್ತರದಲ್ಲಿದ್ದೇವೆ. ನಮ್ಮ ತಲೆಯ ಮೇಲಿರುವ ಗಾಳಿ ಇಷ್ಟೇ. ಇಷ್ಟು ತಿಂಗಳು ನಾನು ಇಳಿಸಿಕೊಂಡು ಬಳಸುತ್ತಿದ್ದ ಸಾವಿರದ ಚಿಲ್ಲರೆ ನಮ್ಮ ಊರಿನ ಒತ್ತಡವೇ ಅಲ್ಲ.

ಹವಾಮಾನ ಕಚೇರಿಯವರು ಮೋಸ ಮಾಡಿಲ್ಲ. ಬೆಟ್ಟದ ಊರನ್ನೂ ಕಡಲಿನ ಊರನ್ನೂ ಒಂದೇ ನಕ್ಷೆಯಲ್ಲಿ ಹೋಲಿಸಬೇಕಾದರೆ ಎಲ್ಲ ಊರನ್ನೂ ಸಮುದ್ರಮಟ್ಟಕ್ಕೆ ಇಳಿಸಿದಂತೆ ಲೆಕ್ಕ ಹಾಕಬೇಕು, ಇಲ್ಲದಿದ್ದರೆ ಬೆಟ್ಟದ ಮೇಲೆ ವರ್ಷವಿಡೀ ಬಿರುಗಾಳಿ ಕಂಡೀತು. ಅಂಕಿಯ ಪಕ್ಕದಲ್ಲೇ ‘ಸಮುದ್ರಮಟ್ಟಕ್ಕೆ’ ಎಂದು ಬರೆದೂ ಇದೆ. ನಾನು ಅದನ್ನು ದಿನಾ ಓದುತ್ತಿದ್ದೆ. ನನ್ನ ಕಣ್ಣಿಗೆ ಅದು ಅಡ್ಡ ಬರಲೇ ಇಲ್ಲ, ಏಕೆಂದರೆ ನನ್ನ ಪಾಲಿಗೆ ಒತ್ತಡ ಎಂದರೆ ಯಾವತ್ತೂ ಸಮುದ್ರದ್ದೇ. ಬೇರೆ ಯಾರಾದರೂ ಆಗಿದ್ದರೆ, ಬೆಟ್ಟದ ಮೇಲೆ ಸಾವಿರದ ಹನ್ನೆರಡು ಎಲ್ಲಿಂದ ಬಂತು ಎಂದು ಮೊದಲ ದಿನವೇ ಕೇಳುತ್ತಿದ್ದರು. ನನಗೆ ಅದು ನೆಮ್ಮದಿಯ ಅಂಕಿ. ಮೇಡಂ ನೋಡುತ್ತಿದ್ದುದು ಸರಾಸರಿಗಿಂತ ಎಷ್ಟು ಹೆಚ್ಚು, ಎಷ್ಟು ಕಡಿಮೆ ಎಂಬುದನ್ನು ಮಾತ್ರ. ಮೂಲ ಅಂಕಿ ಅವರ ಮುಂದೆ ಬರಲೇ ಇಲ್ಲ.

ಅಲೆಯ ಕಥೆಯೂ ಅಲ್ಲೇ ಬಿಚ್ಚಿಕೊಂಡಿತು. ಊರನ್ನು ಸಮುದ್ರಮಟ್ಟಕ್ಕೆ ಇಳಿಸುವಾಗ ನಮ್ಮ ಕಾಲ ಕೆಳಗೆ, ಬೆಟ್ಟದ ಹೊಟ್ಟೆ ಇರುವ ಕಡೆ, ಇಲ್ಲದ ಗಾಳಿಯೊಂದನ್ನು ತುಂಬಿದಂತೆ ಊಹಿಸಿ ಅದರ ತೂಕ ಸೇರಿಸುತ್ತಾರೆ. ಆ ತೂಕವನ್ನು ಆ ಹೊತ್ತಿನ ಸೆಕೆ ನೋಡಿ ಲೆಕ್ಕ ಹಾಕುತ್ತಾರೆ. ಬೆಳಗಿನ ಜಾವದ ಚಳಿಯಲ್ಲಿ ಆ ಊಹೆಯ ಗಾಳಿ ಭಾರ, ಆ ಭಾರಕ್ಕೆ ಸೊರಗಿದ ಕಣಗಳೆಂದು ನಾನು ಎಣಿಕೆ ಏರಿಸಿದ್ದೇ ಅಲೆಯ ಉಬ್ಬು. ಮಧ್ಯಾಹ್ನದ ಬಿಸಿಲಿಗೆ ಅದು ಹಗುರ. ಮೋಡ ಕವಿದ ದಿನ ಚಳಿಯೂ ಸೆಕೆಯೂ ಹೆಚ್ಚುಕಡಿಮೆ ಒಂದೇ, ಹಾಗಾಗಿ ಅದು ಅಲ್ಲಾಡುವುದಿಲ್ಲ. ನಾನು ಎಣಿಕೆಯಿಂದ ಕಳೆಯುತ್ತಿದ್ದುದು ಇಲ್ಲದ ಗಾಳಿಯ ತೂಕವನ್ನು. ಮೇಡಂ ಕುರ್ಚಿಯಿಂದ ಎದ್ದು ಸುತ್ತು ಹಾಕಿದ್ದು, ನಿಮ್ಮ ಅಡುಗೆಯವನು ಕೇಕ್ ಮಾಡಿದ್ದು, ಎಲ್ಲ ಆ ಬೆಟ್ಟದ ಹೊಟ್ಟೆಯೊಳಗಿನ ಗಾಳಿಗೆ. ಅವನಿಗೆ ಸದ್ಯಕ್ಕೆ ಹೇಳಬೇಡಿ.

ನಿಜ ಹೇಳುತ್ತೇನೆ, ಸೋಮವಾರ ಇಡೀ ದಿನ ನಾನು ಕಾಲೇಜಿಗೆ ಹೋಗಲಿಲ್ಲ. ಜೂನ್‌ ಇಷ್ಟು ಹತ್ತಿರವಿತ್ತು. ಅಡುಗೆಮನೆಯ ಡಬ್ಬಿಗಳಲ್ಲಿ ಯಾವುದನ್ನು ಬಂದರಿಗೆ ಒಯ್ಯುವುದು, ಯಾವುದನ್ನು ಕೊಡುವುದು ಎಂದು ಬೇರೆಬೇರೆ ಮಾಡಿ ಇಟ್ಟಾಗಿತ್ತು. ನಿಮ್ಮ ಸ್ವೆಟರುಗಳನ್ನು ಅಲ್ಲಿ ಯಾರು ಹಾಕುತ್ತಾರೆ ಎಂದು ಕೆಳಗಿನ ಮನೆಯವರಿಗೆ ಕೊಡಲು ತೆಗೆದಿಟ್ಟಿದ್ದೆ. ಅವುಗಳ ನಡುವೆ ಕೂತು ಒಂದು ಕಪ್ ಕಾಫಿ ಮಾಡಿಕೊಂಡೆ, ಅದು ಆರಿತು, ಮತ್ತೆ ಬಿಸಿ ಮಾಡಿದೆ, ಮತ್ತೆ ಆರಿತು. ಹೇಳದೆ ಇದ್ದರೆ ಏನಾಗುತ್ತಿತ್ತು ಎಂಬ ಯೋಚನೆ ಬರಲಿಲ್ಲ ಎಂದು ಬರೆದರೆ ನೀವು ನಂಬುವುದಿಲ್ಲ. ಬಂತು. ಬಂದು, ಕೂತು, ಎದ್ದುಹೋಯಿತು. ಹೋಗುವಾಗ ಜೂನ್ ತಿಂಗಳನ್ನೂ ಜೊತೆಗೆ ಕರೆದುಕೊಂಡು ಹೋಯಿತು ಅಷ್ಟೆ.

ಮಂಗಳವಾರ ಹೊಸ ಮಾಪಕದ ಅಂಕಿಗಳನ್ನೂ, ಹಳೆಯ ತಿಂಗಳುಗಳಿಗೆ ಇಲ್ಲದ ಗಾಳಿಯನ್ನು ತೆಗೆದುಹಾಕಿ ಮಾಡಿದ ಲೆಕ್ಕವನ್ನೂ ಹಿಡಿದು ಹೋದೆ. ಮೇಡಂ ನನ್ನ ಮುಖ ನೋಡಿ, “ಇವತ್ತು ಬೇಡ ಅಕ್ಕ, ನಾಳೆ ಹೇಳಿ” ಎಂದರು. ಪ್ರಯೋಗಶಾಲೆಯಲ್ಲಿ ಅವರು ನನ್ನನ್ನು ಅಕ್ಕ ಎಂದದ್ದು ಅದೇ ಮೊದಲು. ನಾಳೆ ಎಂದರೆ ನನಗೆ ಧೈರ್ಯ ಉಳಿಯುವುದಿಲ್ಲ ಎಂದು ಅಲ್ಲೇ ಹೇಳಿದೆ. ಅವರು ಎರಡು ಗೆರೆಗಳನ್ನೂ ಪಕ್ಕಪಕ್ಕ ಇಟ್ಟುಕೊಂಡು ಬಹಳ ಹೊತ್ತು ನೋಡಿದರು. ಹಳೆಯದು ಅಲೆ, ಹೊಸದು ಇಸ್ತ್ರಿ ಹಾಕಿದ ಬಟ್ಟೆ. ಕಿಟಕಿಯಾಚೆ ಯಾರೋ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದರು. ಆಮೇಲೆ “ಇದನ್ನ ಜೂನ್ ಆದ್ಮೇಲೆ ಕಂಡುಹಿಡೀಬಾರದಿತ್ತಾ ನೀವು?” ಎಂದರು. ಹಾಗೆಂದವರು ತಾವೇ ನಗಲು ಶುರುಮಾಡಿದರು. “ಸಮುದ್ರಾನ ಹೊತ್ಕೊಂಡು ಬಂದು ಮಹಡಿ ಮೇಲೆ ಇಟ್ಟಿದ್ದೀರಲ್ಲ ಅಕ್ಕ. ಪಾಪ, ನಿಮ್ಮ ಯಜಮಾನ್ರಿಗೆ ಗೊತ್ತಾ?” ನಗುತ್ತಲೇ ಕಣ್ಣು ಒರೆಸಿಕೊಂಡರು. ಸಮ್ಮೇಳನದವರಿಗೆ ಆ ಹೊತ್ತೇ ಬರೆದು, ಅಲೆಯ ಮಾತನ್ನು ವಾಪಸು ತೆಗೆದುಕೊಂಡರು. ಅದು ಅವರಿಗೆ ಸುಲಭವಾಗಿರಲಿಲ್ಲ. ಬರೆದು ಮುಗಿಸುವವರೆಗೂ ನನ್ನನ್ನು ಪಕ್ಕದಲ್ಲೇ ಕೂರಿಸಿಕೊಂಡಿದ್ದರು.

ಇನ್ನು, ಒಂದು ವರ್ಷ ಯಾಕೆ ಬೇಕು ಎಂದು. ಇಸ್ತ್ರಿ ಹಾಕಿದ ಬಟ್ಟೆ ಎಂದೆನಲ್ಲ, ಅದು ಪೂರ್ತಿ ಸಮತಟ್ಟಲ್ಲ. ಚಳಿಗಾಲದಿಂದ ಬೇಸಿಗೆಯ ಕಡೆಗೆ ಬಹಳ ಮೆಲ್ಲಗೆ ಇಳಿಯುವ ಇಳಿಜಾರೊಂದಿದೆ. ಇದು ನಿಜವಾದ ಗಾಳಿಯ ಕೆಲಸ ಎಂದು ನಮ್ಮ ನಂಬಿಕೆ. ಸೆಕೆಗೆ ಮೇಲಿನ ಗಾಳಿ ಹಿಗ್ಗುತ್ತದೆ. ಹಿಗ್ಗಿದರೆ ಮ್ಯುಯಾನ್ ಹುಟ್ಟುವ ಜಾಗವೇ ಇನ್ನಷ್ಟು ಮೇಲಕ್ಕೆ ಹೋಗುತ್ತದೆ. ದಾರಿ ಉದ್ದವಾಗುತ್ತದೆ, ಆಯುಸ್ಸು ಮಾತ್ರ ಅಷ್ಟೇ. ಕೆಲವು ನೆಲ ಮುಟ್ಟುವ ಮುನ್ನವೇ ಮುಗಿದುಹೋಗುತ್ತವೆ. ಗಾಳಿಯ ಭಾರ ಹೆಚ್ಚದಿದ್ದರೂ ಬರಿಯ ದೂರದಿಂದಲೇ ಎಣಿಕೆ ಇಳಿಯುತ್ತದೆ. ಇದನ್ನು ಓದುವಾಗ ನಿಮಗೆ ನಮ್ಮಿಬ್ಬರ ನೆನಪಾಗುತ್ತದೆ ಎಂದು ಗೊತ್ತು, ನನಗೂ ಆಗಿತ್ತು. ಆದರೆ ಇದೇ ಇಳಿಜಾರು ಪೆಟ್ಟಿಗೆ ಹಳೆಯದಾಗುತ್ತಿರುವುದರಿಂದಲೂ ಬರಬಹುದು. ಹಲಗೆಗಳ ಹೊಳಪೂ ವಯಸ್ಸಿನ ಜೊತೆ ಕುಂದುತ್ತದೆ. ಎರಡರಲ್ಲಿ ಯಾವುದು ಎಂದು ತಿಳಿಯಲು ಒಂದೇ ದಾರಿ, ಮುಂದಿನ ಚಳಿಗಾಲದವರೆಗೆ ಕಾಯುವುದು. ಮುಪ್ಪಾದರೆ ಎಣಿಕೆ ಮತ್ತೆ ಏರುವುದಿಲ್ಲ. ಋತುವಾದರೆ ಏರುತ್ತದೆ, ಮರುಬೇಸಿಗೆಗೆ ಇಳಿಯುತ್ತದೆ. ನಾನೀಗ ಅಲೆಯನ್ನು ಬಿಟ್ಟು, ಕಳೆದು ಎಸೆಯುತ್ತಿದ್ದ ಗಾಳಿಯ ಬಗ್ಗೆಯೇ ಪ್ರಬಂಧ ಬರೆಯಲು ಹೊರಟಿದ್ದೇನೆ. ಯಾರೂ ಕೇಕ್ ಮಾಡುವ ವಿಷಯವಲ್ಲ. ಆದರೂ ಇಷ್ಟು ದಿನಗಳಲ್ಲಿ ಮೊದಲ ಸಲ ನಾನು ಎಣಿಸುತ್ತಿರುವುದೇನು ಎಂದು ನನಗೆ ಗೊತ್ತಿದೆ.

ಮೇಡಂ ಇನ್ನೊಂದು ಮಾತು ಹೇಳಿದರು. ಇಂಥದ್ದೇ ಎರಡನೆಯ ಪೆಟ್ಟಿಗೆಯೊಂದನ್ನು ನಿಜವಾದ ಸಮುದ್ರಮಟ್ಟದಲ್ಲಿ ಇಟ್ಟರೆ ಒಳ್ಳೆಯದಂತೆ. ಎರಡು ಪೆಟ್ಟಿಗೆಗಳ ಮೇಲೂ ಹೆಚ್ಚುಕಡಿಮೆ ಒಂದೇ ಮೇಲ್ಗಾಳಿ, ತಲೆಯ ಮೇಲಿನ ಭಾರ ಮಾತ್ರ ಬೇರೆ. ಒಂದು ಮುಪ್ಪಾದರೂ ಇನ್ನೊಂದು ಸಾಕ್ಷಿ ಹೇಳುತ್ತದೆ. “ಬಂದರಲ್ಲಿ ಒಂದು ಕೋಣೆ ಇದ್ರೆ ಸಾಕು, ಕರೆಂಟಿರ್ಬೇಕು, ದಿನಾ ನೋಡೋರೊಬ್ರಿರ್ಬೇಕು” ಎಂದು ಹೇಳಿ, ನನ್ನನ್ನು ನೋಡದೆ ಕಾಗದ ಜೋಡಿಸತೊಡಗಿದರು. ಅಂಥವರು ಯಾರಿದ್ದಾರೋ ನೋಡೋಣ ಎಂದು ನಾನೂ ಹಾರಿಕೆಯ ಉತ್ತರ ಕೊಟ್ಟೆ.

ನಿಮ್ಮ ಉತ್ತರದ ವಿಷಯ. ನೀವು ಹಡಗಿಗೇ ಸಹಿ ಹಾಕಿದರೆ ನನಗೆ ಬೇಸರವಿಲ್ಲ. ಬರುತ್ತೇನೆ ಎಂದವಳು ನಾನು, ಬರಲಾಗದವಳೂ ನಾನೇ. ಬಂದರಿನ ಕ್ವಾರ್ಟರ್ಸಿನಲ್ಲಿ ಒಬ್ಬರೇ ಅಡುಗೆ ಮಾಡಿಕೊಂಡು ಇರಿ ಎಂದು ಹೇಳುವುದು ನ್ಯಾಯವಲ್ಲ. ಹಡಗಿನಲ್ಲಿ ಜೊತೆಗಾರರಿದ್ದಾರೆ, ಹೊತ್ತಿಗೆ ಸರಿಯಾಗಿ ಊಟವಿದೆ, ನಿಮ್ಮ ಕೈ ಪಳಗಿದ ಯಂತ್ರಗಳಿವೆ. ಎಲ್ಲವನ್ನೂ ತೂಗಿ ನೋಡಿ, ನಿಮಗೆ ಸರಿಕಂಡಂತೆ ಮಾಡಿ. ನಾನು ಇಲ್ಲಿ ಆರಾಮಾಗಿದ್ದೇನೆ.

ಕ್ಯಾಪ್ಟನ್ನರಿಗೆ ನನ್ನ ವಂದನೆ ತಿಳಿಸಿ. ಅಡುಗೆಯವನಿಗೆ ಕೇಕಿನ ಫೋಟೋ ಚೆ‌ನ್ನಾಗಿತ್ತು ಎಂದು ಹೇಳಿ, ಮಿಕ್ಕದ್ದನ್ನು ನಾನೇ ಒಂದು ದಿನ ಹೇಳುತ್ತೇನೆ. ಕಿವಿ ಜೋಪಾನ. ಗಾಳಿ ನಿಮ್ಮ ಮೇಲೆ ಹದವಾಗಿರಲಿ, ನೀರು ಸೌಮ್ಯವಾಗಿರಲಿ.

ನಿಮ್ಮ,
ಬೆಟ್ಟದ ಮೇಲಿನವಳು

ಮರೆತ ಮಾತು: ಅಂಟು ಹಚ್ಚಿದ ಲಕೋಟೆಯನ್ನು ಮತ್ತೆ ಬಿಡಿಸಿದ್ದೇನೆ, ಅಂಚು ಹರಿದಿದೆ, ಕ್ಷಮಿಸಿ. ಕಂಡಕ್ಟರ್ ಅಂಚೆ ಕಚೇರಿಯ ಕಡೆ ಹೊರಟಿದ್ದಾರೆ, ಬಾಗಿಲಲ್ಲಿ ನಿಂತಿದ್ದಾರೆ, ಬೇಗ ಬರೆಯಬೇಕು. ಮೇಲೆ ‘ಸರಿಕಂಡಂತೆ ಮಾಡಿ’ ಎಂದು ಬರೆದದ್ದನ್ನು ಹೊಡೆದುಹಾಕಿ. ‘ಬೇಸರವಿಲ್ಲ’ ಎಂಬುದನ್ನೂ. ಹಡಗಿಗೆ ಸಹಿ ಹಾಕಬೇಡಿ. ಬಂದರಿನ ಕೆಲಸಕ್ಕೆ ಹೂಂ ಅನ್ನಿ. ಒಂದು ವಾರ ನೀವು ಬಸ್ಸು ಹತ್ತಿ ಮೇಲೆ ಬನ್ನಿ, ಒಂದು ವಾರ ನಾನು ಇಳಿದು ಬರುತ್ತೇನೆ. ಪೆಟ್ಟಿಗೆಯನ್ನು ನಿಮ್ಮ ಕೋಣೆಯಲ್ಲಿ ಇಡೋಣ, ಇಡಲಾಗದಿದ್ದರೂ ಬರುತ್ತೇನೆ. ನಿಮ್ಮ ಸ್ವೆಟರುಗಳನ್ನು ಯಾರಿಗೂ ಕೊಟ್ಟಿಲ್ಲ. ಕಂಡಕ್ಟರ್, “ಅಷ್ಟೊತ್ತು ಬರೆದಿದ್ರಲ್ಲಮ್ಮ, ಇನ್ನೂ ಏನ್ ಬಾಕಿ?” ಎಂದು ಕೇಳಿದರು. ಇವರಿಗೆ ಹಡಗು ಇಳಿಯಿರಿ ಎಂದು ಹೇಳುವುದೊಂದು ಬಾಕಿ ಇತ್ತು ಎಂದೆ. ಅವರು ಚಪ್ಪಲಿ ಮೆಟ್ಟಿಕೊಳ್ಳುತ್ತಾ ಹೇಳಿದರು: “ಅದನ್ನ ದೊಡ್ಡದಾಗಿ ಬರೀರಿ. ಇಷ್ಟು ವರ್ಷ ನೋಡಿದ್ದೀನಲ್ಲ, ಒಬ್ಬರೇ ಕೂತು ಕಿಟಕಿ ನೋಡೋರಿಗೆ ಸ್ಟಾಪ್ ಬಂದಿದ್ದು ಗೊತ್ತಾಗಲ್ಲ. ಹತ್ತಿರ ಹೋಗಿ, ಭುಜ ಮುಟ್ಟಿ, ‘ನಿಮ್ಮೂರು ಬಂತು, ಇಳೀರಿ’ ಅನ್ಬೇಕು.”